ಬೊಗಸೆ ಮೇವಿನ ಲೆಕ್ಕ

ಪ್ರೀತಿಯಿಂದ ಇನ್ನೊಂದು ಹಿಡಿ ಹೆಚ್ಚು ಬಡಿಸಿದರೆ ಅದನ್ನು ತಪ್ಪೆಂದು ಎಣಿಸುವ ಆಟವೊಂದಿದೆ ಎಂದರೆ ನಮ್ಮಲ್ಲಿ ಅನೇಕರು ನಂಬಲಾರರು. ಬಡಿಸುವುದೆಂದರೆ ಸಾಕೆಂದ ಮೇಲೂ ಬಡಿಸುವುದು ಎಂದೇ ಕಲಿತು ಬೆಳೆದವರು ನಾವು. ಎಲೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಿಂದಲೇ ಪಾಯಸ ಇಳಿಸುವ ಚಾತುರ್ಯಕ್ಕೆ ನಮ್ಮ ಮದುವೆಮನೆಗಳಲ್ಲಿ ಇಂದಿಗೂ ಮೆಚ್ಚುಗೆಯಿದೆ. ಹಾಗಿರುವಾಗ, ದಿನದ ಅಳತೆ ಮೀರಿ ಹುಲ್ಲು ಹಾಕಿದ್ದಕ್ಕೆ ‘ಕುದುರೆ ದಪ್ಪಗಾಯಿತು, ಕೈ ಹಿಡಿ’ ಎಂಬರ್ಥದಲ್ಲಿ ಎಚ್ಚರಿಸುವ ಈ ಆಟ ನನ್ನನ್ನು ಮೊದಲು ನಗಿಸಿತು, ಆಮೇಲೆ ಯೋಚನೆಗೆ ಹಚ್ಚಿತು. ಒಂದು ಕಾದಂಬರಿಯ ಗುಣದೋಷಗಳನ್ನು ಎತ್ತಿ ಆಡುವ ನಾವು, ನಮ್ಮ ಹೆಣ್ಣುಮಕ್ಕಳು ದಿನವೂ ಗಂಟೆಗಟ್ಟಲೆ ಮುಳುಗಿರುವ ಆಟವನ್ನೂ ಅದೇ ಕಣ್ಣಿನಿಂದ ಏಕೆ ನೋಡಬಾರದು ಅನ್ನಿಸಿತು. ಅದರ ಫಲವೇ ಈ ಬರಹ.

ಆಟದ ಹೆಸರು ‘ಹೌರ್ಸ್’. ಇಂಗ್ಲಿಷಿನಲ್ಲಿ ಕುದುರೆಗಿರುವ ಪದದ ಕಾಗುಣಿತವನ್ನು ಬೇಕೆಂದೇ ತಿರುಚಿ ಇಟ್ಟ ಹೆಸರು ಅದು. ಔಲಿಯಂಟ್ ಎಂಬ ಫ್ರೆಂಚ್ ಕಂಪನಿ 2005ರಲ್ಲಿ ಇದನ್ನು ಆರಂಭಿಸಿತು. 2011ರಲ್ಲಿ ಆ ಕಂಪನಿಯನ್ನು ಯೂಬಿಸಾಫ್ಟ್ ಎಂಬ ದೊಡ್ಡ ಫ್ರೆಂಚ್ ಸಂಸ್ಥೆ ಕೊಂಡುಕೊಂಡಿತು. ಆಡಲು ಬೇಕಾದದ್ದು ಅಂತರ್ಜಾಲದ ಸಂಪರ್ಕ ಮತ್ತು ಒಂದಿಷ್ಟು ತಾಳ್ಮೆ, ಅಷ್ಟೆ. ಇಲ್ಲಿ ಯಾರೂ ಯಾರನ್ನೂ ಗುಂಡಿಟ್ಟು ಕೊಲ್ಲುವುದಿಲ್ಲ, ಕೋಟೆಗೆ ಲಗ್ಗೆ ಹಾಕುವುದಿಲ್ಲ. ನಿಮ್ಮ ಹೆಸರಿಗೆ ಒಂದು ಕುದುರೆ ಬರುತ್ತದೆ. ಅದಕ್ಕೆ ನೀರು ಕುಡಿಸಬೇಕು, ಮೈ ಸವರಬೇಕು, ಉಜ್ಜಬೇಕು, ಮೇವು ಹಾಕಬೇಕು, ಪಾಠ ಹೇಳಿಸಬೇಕು, ರಾತ್ರಿಯಾದರೆ ಮಲಗಿಸಬೇಕು. ಶಕ್ತಿ, ಆರೋಗ್ಯ, ಉತ್ಸಾಹ ಎಂಬ ಮೂರು ಅಳತೆಗಳು ಏರುತ್ತ ಇಳಿಯುತ್ತ ಇರುತ್ತವೆ. ನಮ್ಮ ಒಂದು ದಿನ ಆ ಕುದುರೆಗೆ ಎರಡು ತಿಂಗಳು. ಆರು ದಿನಕ್ಕೊಮ್ಮೆ ಅದರ ಹುಟ್ಟುಹಬ್ಬ ಬಂತೆಂದು ಲೆಕ್ಕ.

ಇವೆಲ್ಲದರ ನಡುವೆ ವಿಮರ್ಶೆಗೆ ಯೋಗ್ಯವೆಂದು ನನಗೆ ಕಂಡದ್ದು ಮೇವು ಹಾಕುವ ಪುಟ. ಅಲ್ಲಿ ಎರಡು ಬಗೆಯ ಆಹಾರ: ಒಂದು ಹುಲ್ಲಿನ ಮೇವು, ಇನ್ನೊಂದು ಓಟ್ಸ್ ಎಂಬ ಧಾನ್ಯ. ಈ ಕುದುರೆಗೆ ಇವತ್ತು ಇಂತಿಷ್ಟು ಬೇಕು ಎಂಬ ಅಂಕಿ ಕಣ್ಣೆದುರಿಗೇ ಇರುತ್ತದೆ. ಆ ಅಂಕಿ ಮುಟ್ಟುವಷ್ಟು ಮೇವು ಆರಿಸಿ ಗುಂಡಿಯೊತ್ತಿದರೆ ಊಟ ಮುಗಿಯಿತು. ಪಂದ್ಯಕ್ಕೆ ಹೋಗಿ ದಣಿದು ಬಂದ ದಿನ ಅಂಕಿ ಮೇಲೇರುತ್ತದೆ. ಅಳತೆ ಮೀರಿ ಹಾಕುತ್ತ ಹೋದರೆ ಕುದುರೆ ದಪ್ಪಗಾಗುತ್ತದೆ, ಕಡಿಮೆ ಮಾಡಿದರೆ ಬಡಕಲಾಗುತ್ತದೆ. ಆಗ ಆಟವೇ ಮುಂದೆ ಬಂದು ಮೇವನ್ನು ಇಳಿಸು ಅಥವಾ ಏರಿಸು ಎಂದು ಹೇಳುತ್ತದೆ. ಇದಲ್ಲದೆ ಮುದ್ದಿಗೊಂದು ಕ್ಯಾರೆಟ್ಟು ಉಂಟು. ನಮ್ಮ ಕೊಟ್ಟಿಗೆಯ ಕಲಗಚ್ಚಿಗೆ ದೂರದ ನೆಂಟನೆನ್ನಬಹುದಾದ ತೌಡಿನ ಗಂಜಿಯೂ ಉಂಟು.

ಇದನ್ನು ನನಗೆ ಪರಿಚಯಿಸಿದವಳು ನನ್ನ ತಂಗಿಯ ಮಗಳು. ಎಂಟನೆಯ ತರಗತಿಯ ಹುಡುಗಿ. ಬೇಸಿಗೆ ರಜೆಗೆ ನಮ್ಮಲ್ಲಿಗೆ ಬಂದಾಗ, ದಿನವೂ ಸಂಜೆ ಐದಕ್ಕೆ ಸರಿಯಾಗಿ ನಮ್ಮ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು ಹದಿನೈದು ಕುದುರೆಗಳಿಗೆ ಒಂದೊಂದಾಗಿ ಊಟ ಹಾಕುತ್ತಿದ್ದಳು. ತಟ್ಟೆಯಲ್ಲಿದ್ದ ಅವಳ ತಿಂಡಿ ಮಾತ್ರ ಆರುತ್ತ ಇರುತ್ತಿತ್ತು. “ಮೊದಲು ನೀನು ತಿನ್ನೇ, ಆಮೇಲೆ ನಿನ್ನ ಕುದುರೆಗಳು” ಎಂದರೆ, “ಅವು ನನ್ನನ್ನೇ ನಂಬಿಕೊಂಡಿವೆ ದೊಡ್ಡಮ್ಮಾ” ಎಂದಳು. ನಲವತ್ತು ವರ್ಷ ದಾಟಿದ ಯಾವ ಗೃಹಿಣಿಯ ಬಾಯಲ್ಲೂ ಬರಬಹುದಾದ ಮಾತು ಅದು. ಹದಿಮೂರರ ಹುಡುಗಿ ಇದನ್ನು ಎಲ್ಲಿ ಕಲಿತಳು ಎಂಬ ಕುತೂಹಲದಿಂದ ನಾನೂ ಒಂದು ಹೆಸರು ನೋಂದಾಯಿಸಿಕೊಂಡು, ಒಂದು ಕಂದುಬಣ್ಣದ ಹೆಣ್ಣು ಕುದುರೆಯನ್ನು ಸಾಕತೊಡಗಿದೆ. ಎರಡು ತಿಂಗಳು ತಪ್ಪದೆ ಆಡಿದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅದರ ಒಳ್ಳೆಯ ಗುಣವನ್ನೇ ಹೇಳುತ್ತೇನೆ. ಉಣಿಸುವುದಕ್ಕೆ ಅಳತೆ ಬೇಕು, ಆ ಅಳತೆ ಉಣ್ಣುವವರನ್ನು ನೋಡಿ ನಿರ್ಧಾರವಾಗಬೇಕು ಎಂಬುದನ್ನು ಈ ಆಟ ಬಹಳ ಚೊಕ್ಕವಾಗಿ ಹೇಳುತ್ತದೆ. ದುಡಿದು ಬಂದ ದಿನದ ಮೇವು ಬೇರೆ, ಲಾಯದಲ್ಲಿ ಸುಮ್ಮನೆ ನಿಂತ ದಿನದ ಮೇವು ಬೇರೆ. ಈ ಸಣ್ಣ ಸತ್ಯ ನಮ್ಮ ಅಡುಗೆಮನೆಗಳಿಗೆ ಇನ್ನೂ ಪೂರ್ತಿ ತಲುಪಿಲ್ಲ. ನಮ್ಮಲ್ಲಿ ಹೆಚ್ಚಿನ ಪಾಲು ಹೋಗುವುದು ದುಡಿದವರಿಗಲ್ಲ, ಮೊದಲ ಪಂಕ್ತಿಯಲ್ಲಿ ಕುಳಿತವರಿಗೆ. ಬಾವಿಯಿಂದ ನೀರು ಸೇದಿ, ಒರಳು ತಿರುವಿ, ಬಟ್ಟೆ ಒಗೆದು ಬಂದವಳಿಗೆ ಪಾತ್ರೆಯ ತಳದಲ್ಲಿ ಏನು ಉಳಿಯಿತೋ ಅದು. ಮೈಮುರಿದು ದುಡಿದ ಕುದುರೆಗೆ ಓಟ್ಸ್ ಹೆಚ್ಚು ಬೇಕೆಂದು ಫ್ರಾನ್ಸಿನ ಆಟ ತಯಾರಕರಿಗೆ ಗೊತ್ತಿದೆ. ಹೆಂಗಸಿನ ದುಡಿಮೆಗೆ ತಕ್ಕ ಅಂಕಿಯನ್ನು ಏರಿಸಿ ತೋರಿಸುವ ಫಲಕ ಮಾತ್ರ ಯಾವ ಅಡುಗೆಮನೆಯ ಗೋಡೆಯ ಮೇಲೂ ಇಲ್ಲ.

ಇನ್ನು ಅತಿಯಾಗಿ ಉಣಿಸುವುದೂ ಒಂದು ಬಗೆಯ ಅಲಕ್ಷ್ಯವೇ ಎಂಬ ಪಾಠ. ಅತಿಯಾದರೆ ಅಮೃತವೂ ವಿಷ ಎಂದು ನಾವು ಬಾಯಲ್ಲಿ ಹೇಳುತ್ತೇವೆ, ಕೈಯಲ್ಲಿ ಮಾಡುವುದು ಬೇರೆ. ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ ಶುರುವಾಗಿ ಹನ್ನೊಂದು ವರ್ಷವಾಯಿತು. ಅಂದಿನಿಂದ ಅವರ ಅನ್ನವನ್ನು ಒಂದು ಸ್ಟೀಲ್ ಬಟ್ಟಲಿನಲ್ಲಿ ಅಳೆದೇ ಹಾಕುತ್ತಿದ್ದೇನೆ. ಹಬ್ಬಕ್ಕೆ ಬಂದ ನೆಂಟರ ಕಣ್ಣು ಹೋಳಿಗೆಯ ಮೇಲೆ ಇರುವುದಿಲ್ಲ, ಆ ಬಟ್ಟಲಿನ ಮೇಲೆ ಇರುತ್ತದೆ. “ವಯಸ್ಸಾದ ಜೀವಕ್ಕೆ ಅಳೆದು ಸುರಿದು ಹಾಕ್ತಾಳೆ” ಎಂಬ ಮಾತು ಊರು ಸುತ್ತಿ ನನ್ನ ಕಿವಿಗೂ ಬಂದಿದೆ. ಅತ್ತೆಯವರೇ ಒಮ್ಮೆ ಅವರಿಗೆಲ್ಲ, “ಅವಳು ಅಳೆದು ಹಾಕೋದಕ್ಕೇ ನಾನು ಇನ್ನೂ ಕಣ್ಣು ಕಾಣ್ತಾ ಕೂತಿದ್ದೀನಿ” ಎಂದು ಹೇಳಿದರು, ಪುಣ್ಯ. ಅಳೆಯುವ ಕೈಗೆ ಕಲ್ಲುಮನಸ್ಸಿನವಳೆಂಬ ಹೆಸರು, ಸುರಿಯುವ ಕೈಗೆ ಅನ್ನಪೂರ್ಣೆಯ ಹೆಸರು. ಆದ್ದರಿಂದಲೇ ಅಳತೆಯನ್ನು ಅಕ್ಕರೆಯ ಕೆಲಸವೆಂದು ಒಪ್ಪುವ ಆಟವೊಂದನ್ನು ಕಂಡಾಗ ನನಗೆ ಸಮಾಧಾನವಾಯಿತು ಎಂದರೆ ನೀವು ನಗಬಾರದು.

ಈ ಬಗೆಯ ಆಟಗಳಿಗೆ ಒಂದು ವಂಶಾವಳಿಯೂ ಇದೆ. ಜಪಾನಿನ ಬಂಡಾಯ್ ಕಂಪನಿ 1996ರಲ್ಲಿ ‘ತಮಗೋಚಿ’ ಎಂಬ ಮೊಟ್ಟೆಯಾಕಾರದ ಪುಟ್ಟ ಯಂತ್ರವನ್ನು ಮಾರಾಟಕ್ಕೆ ತಂದಿತು. ಅಂಗೈಯಲ್ಲಿ ಹಿಡಿಯುವ ಆ ಮೊಟ್ಟೆಯೊಳಗೆ ಒಂದು ಕಾಲ್ಪನಿಕ ಜೀವ. ಅದಕ್ಕೆ ಊಟ ಕೊಟ್ಟರೆ ತೂಕ ಒಂದು ಅಂಕಿ ಏರುತ್ತಿತ್ತು, ಸಿಹಿ ತಿಂಡಿ ಕೊಟ್ಟರೆ ಎರಡು, ಆಟವಾಡಿಸಿದರೆ ಇಳಿಯುತ್ತಿತ್ತು. ಗಮನಿಸದೆ ಬಿಟ್ಟರೆ ಸತ್ತೇಹೋಗುತ್ತಿತ್ತು. ಅಂದರೆ ಮಕ್ಕಳ ಕೈಗೆ ಬಂದ ಈ ಸಾಕುಪ್ರಾಣಿಗಳು ಹುಟ್ಟುವಾಗಲೇ ತೂಕದ ಲೆಕ್ಕವನ್ನು ಬೆನ್ನಿಗೆ ಕಟ್ಟಿಕೊಂಡು ಹುಟ್ಟಿದವು. ಹೌರ್ಸ್ ಆ ಲೆಕ್ಕವನ್ನು ಒಂದು ನಿಜವಾದ ಪ್ರಾಣಿಯ ಮೇಲೆ ತಂದಿರಿಸಿತು. ನನ್ನ ತಕರಾರು ಶುರುವಾಗುವುದೂ ಅಲ್ಲಿಂದಲೇ. ಮೊಟ್ಟೆಯೊಳಗಿನ ಜೀವ ಹೀಗೇ ತಿನ್ನಬೇಕೆಂದು ಯಾರೂ ಕೇಳಲಾರರು. ಕುದುರೆ ಹಾಗಲ್ಲ, ಅದಕ್ಕೆ ತನ್ನದೇ ಆದ ಹೊಟ್ಟೆಯಿದೆ.

ಆ ಹೊಟ್ಟೆಯ ವಿಚಾರ ತಿಳಿದುಕೊಂಡಷ್ಟೂ ನನಗೆ ಬೆರಗಾಯಿತು. ಅಷ್ಟು ದೊಡ್ಡ ದೇಹದ ಪ್ರಾಣಿಯ ಜಠರ ಸಾಮಾನ್ಯವಾಗಿ 8ರಿಂದ 15 ಲೀಟರು ಹಿಡಿಸುವಷ್ಟು ಚಿಕ್ಕದು. ಅದು ಹಸುವಿನಂತೆ ಗಬಗಬನೆ ನುಂಗಿ, ಆಮೇಲೆ ನೆರಳಲ್ಲಿ ಮಲಗಿ ಮೆಲುಕು ಹಾಕುವ ಜಾತಿಯಲ್ಲ. ಬಯಲಿಗೆ ಬಿಟ್ಟರೆ ಹಗಲು ರಾತ್ರಿಯೆನ್ನದೆ ದಿನದ ಬಹುಪಾಲು ಹೊತ್ತು ಚೂರುಚೂರೇ ಮೇಯುತ್ತ ನಡೆಯುತ್ತಿರುತ್ತದೆ. ತಿಂದರೂ ತಿನ್ನದಿದ್ದರೂ ಅದರ ಜಠರದಲ್ಲಿ ಆಮ್ಲ ಒಸರುತ್ತಲೇ ಇರುವುದರಿಂದ, ಬಹಳ ಹೊತ್ತು ಬರಿಹೊಟ್ಟೆಯಲ್ಲಿಟ್ಟರೆ ಹುಣ್ಣಾಗುತ್ತದೆ. ನಾರನ್ನು ಅರಗಿಸುವ ಕೆಲಸ ನಡೆಯುವುದು ಹಿಂದಿನ ದೊಡ್ಡ ಕರುಳಿನಲ್ಲಿ, ಅಲ್ಲಿ ಮನೆಮಾಡಿರುವ ಸೂಕ್ಷ್ಮಜೀವಿಗಳಿಂದ. ಒಂದೇ ಸಲಕ್ಕೆ ಧಾನ್ಯ ಹೆಚ್ಚು ಸುರಿದರೆ ಪಿಷ್ಟವು ಅರಗದೆ ಅಲ್ಲಿಯವರೆಗೆ ಹೋಗಿ ಹುಳಿಯಾಗುತ್ತದೆ. ಅದರಿಂದ ಹೊಟ್ಟೆಶೂಲೆ ಬರಬಹುದು, ಗೊರಸಿನೊಳಗಿನ ಮೃದುಭಾಗ ಉರಿದು ಊದಿಕೊಂಡು ಕುದುರೆ ನಿಲ್ಲಲಾರದಂತೆ ಆಗಬಹುದು. ಕುದುರೆಗೆ ವಾಂತಿ ಮಾಡಿಕೊಳ್ಳುವ ಶಕ್ತಿಯೂ ಇಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಆದ್ದರಿಂದಲೇ ಬಲ್ಲವರು ಮೊದಲು ಹುಲ್ಲು, ಆಮೇಲೆ ಬೇಕಿದ್ದರೆ ಮಾತ್ರ ಧಾನ್ಯ, ಅದೂ ಸ್ವಲ್ಪಸ್ವಲ್ಪವಾಗಿ ಎನ್ನುತ್ತಾರೆ. ದೇಹದ ತೂಕದ ನೂರರಲ್ಲಿ ಒಂದೂವರೆ ಪಾಲಿನಿಂದ ಎರಡು ಪಾಲಿನಷ್ಟು ಒಣಮೇವು ದಿನಕ್ಕೆ ಬೇಕೆಂಬುದು ಸಾಮಾನ್ಯ ಲೆಕ್ಕ. 450 ಕಿಲೋ ತೂಗುವ ಕುದುರೆಗೆ ಸುಮಾರು ಏಳರಿಂದ ಒಂಬತ್ತು ಕಿಲೋ.

ಆಟದಲ್ಲಿ ಈ ಇಡೀ ದಿನದ ಮೇಯುವಿಕೆ ಒಂದು ಕ್ಷಣದ ಗುಂಡಿಯೊತ್ತಿಗೆ ಇಳಿದಿದೆ. ಎಷ್ಟು ಎಂಬುದು ಇದೆ, ಹೇಗೆ ಮತ್ತು ಎಷ್ಟು ಹೊತ್ತು ಎಂಬುದು ಇಲ್ಲ. ‘ಆಟಕ್ಕೆ ಇಷ್ಟೆಲ್ಲ ಏಕೆ?’ ಎಂದು ನೀವು ಕೇಳಬಹುದು. ಆಟವೆಂದ ಮೇಲೆ ಕೆಲವನ್ನು ಬಿಡಲೇಬೇಕು, ಒಪ್ಪಿದೆ. ನಾಟಕದಲ್ಲಿ ರಾಜನು ಹಲ್ಲುಜ್ಜುವುದನ್ನು ಯಾರೂ ತೋರಿಸುವುದಿಲ್ಲ. ಆದರೆ ಯಾವುದನ್ನು ಬಿಟ್ಟರು ಎನ್ನುವುದರಲ್ಲಿ ಬಿಟ್ಟವರ ಮನಸ್ಸು ತಿಳಿಯುತ್ತದೆ. ಇಲ್ಲಿ ಬಿಟ್ಟಿರುವುದು ಉಣ್ಣುವವರ ಪಾಲಿನ ಊಟವನ್ನು. ಉಳಿದದ್ದು ಉಣಿಸುವವರ ಪಾಲಿನ ಲೆಕ್ಕ. ಅಗಿಯುವ ಸದ್ದು, ಹುಲ್ಲಿನ ಪರಿಮಳ, ಇನ್ನೊಂದು ಕುದುರೆಯ ಪಕ್ಕದಲ್ಲಿ ನಿಂತು ತಿನ್ನುವ ನೆಮ್ಮದಿ, ಯಾವುದೂ ಲೆಕ್ಕಕ್ಕೆ ಬಾರದು. ನಮ್ಮ ಮನೆಗಳಲ್ಲೂ ಊಟ ಹೀಗೇ ಆಗುತ್ತಿದೆಯಲ್ಲ! ಡಬ್ಬಿ ಖಾಲಿಯಾಗಿ ಬಂದಿತೇ ಎಂದು ನೋಡುತ್ತೇವೆ. ಯಾರ ಜೊತೆ ಕುಳಿತು ತಿಂದೆ, ರುಚಿಸಿತೇ ಎಂದು ಮಗುವನ್ನು ಕೇಳುವಷ್ಟು ಪುರುಸೊತ್ತು ಯಾರಿಗಿದೆ?

ಓಟ್ಸಿನ ವಿಚಾರದಲ್ಲಿ ಒಂದು ತಮಾಷೆಯನ್ನು ಹೇಳದೆ ಮುಂದೆ ಹೋಗಲಾರೆ. ಆಟದಲ್ಲಿ ಓಟ್ಸ್ ಪಂದ್ಯದ ಕುದುರೆಗೆ ಶಕ್ತಿ ತುಂಬುವ ಧಾನ್ಯ. ಯುರೋಪಿನ ಲಾಯಗಳಲ್ಲಿಯೂ ಅದು ಬಹುಕಾಲದಿಂದ ಅದೇ ಕೆಲಸ ಮಾಡಿಕೊಂಡು ಬಂದಿದೆ. ನಮ್ಮ ಊರಿನ ಅಂಗಡಿಯಲ್ಲಿ ಅದೇ ಓಟ್ಸ್ ಪೊಟ್ಟಣದಲ್ಲಿ ಕುಳಿತು, ಹೆಂಗಸರ ಸೊಂಟ ಸಣ್ಣಗಾಗಿಸುವ ಉಪಾಹಾರವೆಂದು ಮಾರಾಟವಾಗುತ್ತದೆ. ಕುದುರೆಗೆ ಬಲ ಬರಲೆಂದು ಕೊಡುವ ಕಾಳು ನಮಗೆ ತೂಕ ಇಳಿಯಲೆಂದು! ನಮ್ಮ ನಾಡಿನ ಕುದುರೆಯ ಕಾಳು ಹುರುಳಿ. ಇಂಗ್ಲಿಷಿನವರು ಅದರ ಹೆಸರಿನಲ್ಲೇ ಕುದುರೆಯನ್ನು ಸೇರಿಸಿಬಿಟ್ಟರು. ಟಿಪ್ಪು ಸುಲ್ತಾನನ ಅಶ್ವದಳದ ನೆನಪಿನೊಂದಿಗೆ ಹೆಸರು ಬೆಸೆದುಕೊಂಡಿರುವ ಕುಣಿಗಲ್ಲಿನ ಕುದುರೆ ಫಾರಂ ಇರುವ ಸೀಮೆಯಲ್ಲೇ, ಅದೇ ಹುರುಳಿಯ ಕಟ್ಟಿನ ಸಾರನ್ನು ನಾವು ಬಾಯಿ ಚಪ್ಪರಿಸಿ ಉಣ್ಣುತ್ತೇವೆ. ಧಾನ್ಯವೊಂದು ಒಳ್ಳೆಯದೋ ಕೆಟ್ಟದ್ದೋ ಎಂಬುದು ತಿನ್ನುವ ದೇಹ ಮತ್ತು ಅದು ಮಾಡುವ ಕೆಲಸದ ಮೇಲೆ ನಿಂತಿದೆ. ಪೊಟ್ಟಣದ ಮೇಲಿನ ಚಿತ್ರಕ್ಕೆ ಅದು ಗೊತ್ತಿರುವುದಿಲ್ಲ.

ನನ್ನ ಮುಖ್ಯ ಆಕ್ಷೇಪಣೆ ಬೇರೆಯೇ ಇದೆ. ಈ ಆಟದಲ್ಲಿ ಕುದುರೆಯ ದೇಹವನ್ನು ತಿಳಿಯುವ ದಾರಿ ಅಂಕಿಯೊಂದೇ. ನಿಜವಾಗಿ ಕುದುರೆ ಸಾಕುವವರು ಅಂಕಿಯನ್ನು ಉಪಯೋಗಿಸುವುದಿಲ್ಲವೆಂದಲ್ಲ. ತಕ್ಕಡಿಯಿಲ್ಲದ ಕಡೆ ತೂಕ ಅಂದಾಜು ಮಾಡಲು ಅವರಲ್ಲೊಂದು ಉಪಾಯವಿದೆ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ ದೇಹದ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಸಿಗುತ್ತದೆ. ಸುತ್ತಳತೆ 180, ಉದ್ದ 165 ಆದರೆ ಉತ್ತರ ಸರಿಯಾಗಿ 450. ರವಿಕೆ ಹೊಲಿಯುವವಳ ಟೇಪಿನಿಂದಲೇ ಮಾಡಬಹುದಾದ ಕೆಲಸ. ಆದರೆ ಅವರು ಅಷ್ಟಕ್ಕೇ ನಿಲ್ಲುವುದಿಲ್ಲ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಡಾನ್ ಹೆನೆಕೆ ಎಂಬವರು ರೂಪಿಸಿ 1983ರಲ್ಲಿ ಪ್ರಕಟವಾದ ಒಂದು ಕ್ರಮವಿದೆ. ಅದರಲ್ಲಿ ಕುದುರೆಯ ಮೈಕಟ್ಟಿಗೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. ಒಂದು ಎಂದರೆ ಎಲುಬಿನ ಹಂದರ, ಒಂಬತ್ತು ಎಂದರೆ ವಿಪರೀತ ಕೊಬ್ಬು, ನಡುವಿನ ಐದು ಹದ. ಈ ಅಂಕವನ್ನು ದೂರ ನಿಂತು ಕೊಡುವಂತಿಲ್ಲ. ಕತ್ತು, ಕತ್ತು ಬೆನ್ನಿಗೆ ಸೇರುವ ಉಬ್ಬು, ಭುಜದ ಹಿಂಭಾಗ, ಪಕ್ಕೆಲುಬು, ಸೊಂಟ, ಬಾಲದ ಬುಡ ಎಂಬ ಆರು ಕಡೆ ಕಣ್ಣಿಂದ ನೋಡಿ, ಕೈಯಿಂದ ಒತ್ತಿ ನೋಡಬೇಕು. ಹದವಾದ ಕುದುರೆಯ ಪಕ್ಕೆಲುಬು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸುಲಭವಾಗಿ ಸಿಗುತ್ತದೆ.

ಕಣ್ಣಿಗೆ ಕಾಣದೆ ಕೈಗೆ ಸಿಗುವಂಥದ್ದು! ಈ ಮಾತಿನ ಮುಂದೆ ನಾನು ಬಹಳ ಹೊತ್ತು ನಿಂತೆ. ಮಗುವಿನ ಹಣೆ ಮುಟ್ಟಿ ಜ್ವರ ತಿಳಿಯುವ, ಹಿಟ್ಟು ಹಿಸುಕಿ ನೀರು ಸಾಕೋ ಬೇಕೋ ಎಂದು ಹೇಳುವ ನಮಗೆ ಇದು ಹೊಸ ವಿದ್ಯೆಯೇನಲ್ಲ. ಹೌರ್ಸ್ ಆಟದಲ್ಲಿ ಮೈ ಸವರುವ ಗುಂಡಿಯೊಂದಿದೆ. ಅದನ್ನೊತ್ತಿದರೆ ಕುದುರೆಯ ಉತ್ಸಾಹ ಏರುತ್ತದೆ. ಸವರಿದ ಕೈಗೆ ಮಾತ್ರ ಏನೂ ತಿಳಿಯುವುದಿಲ್ಲ. ಮುದ್ದು ಒಂದು ಗುಂಡಿ, ತೂಕ ಇನ್ನೊಂದು ಅಂಕಿ. ಎರಡಕ್ಕೂ ನಡುವೆ ಹಾದಿಯಿಲ್ಲ. ಬೇಕಾದ ಅಂಕಿಯನ್ನು ಆಟವೇ ಹೇಳಿಬಿಡುವುದರಿಂದ ನೋಡುವ ಕಣ್ಣು ಆಡುವವಳಲ್ಲಿ ಬೆಳೆಯುವುದೇ ಇಲ್ಲ. ಎರಡು ತಿಂಗಳ ಕೊನೆಗೆ ನನ್ನ ಕಂದು ಕುದುರೆ ಒಂದು ದಿನವೂ ತೂಕ ತಪ್ಪಲಿಲ್ಲ. ಆದರೆ ಕುದುರೆಯ ಮೈ ನೋಡಿ ಹೇಳುವ ವಿದ್ಯೆ ಆ ಪರದೆಯಿಂದ ನನಗೆ ಎಳ್ಳಷ್ಟೂ ಬರಲಿಲ್ಲ.

ಇದಕ್ಕೆ ಎದುರಾಗಿ ಒಂದು ಹಳೆಯ ಪುಸ್ತಕವನ್ನು ಇಟ್ಟು ನೋಡಬಹುದು. ಇಂಗ್ಲೆಂಡಿನ ಅನ್ನಾ ಸೂಯೆಲ್ ಎಂಬ ಹೆಣ್ಣುಮಗಳು ಬರೆದ ‘ಬ್ಲ್ಯಾಕ್ ಬ್ಯೂಟಿ’ 1877ರಲ್ಲಿ ಪ್ರಕಟವಾಯಿತು. ಎಳವೆಯಲ್ಲೇ ಕಾಲಿಗೆ ಪೆಟ್ಟಾಗಿ, ಜೀವಮಾನವಿಡೀ ನಡೆಯಲು ಕಷ್ಟಪಟ್ಟು, ಕುದುರೆ ಗಾಡಿಯನ್ನೇ ಕಾಲು ಮಾಡಿಕೊಂಡಿದ್ದ ಆಕೆ ಪುಸ್ತಕ ಬಂದ ಮರುವರ್ಷವೇ ತೀರಿಕೊಂಡಳು. ಅಲ್ಲಿ ಕಥೆ ಹೇಳುವುದು ಕುದುರೆಯೇ. ಒಂದು ಪ್ರಸಂಗದಲ್ಲಿ ಯಜಮಾನ ಒಳ್ಳೆಯ ಹುಲ್ಲು, ಧಾರಾಳ ಓಟ್ಸ್ ಎಲ್ಲಕ್ಕೂ ಹಣ ಕೊಡುತ್ತಾನೆ. ಲಾಯದ ಆಳು ಓಟ್ಸನ್ನು ಕದ್ದು ಮನೆಗೆ ಸಾಗಿಸುತ್ತಾನೆ. ಲೆಕ್ಕದ ಪ್ರಕಾರ ಕುದುರೆ ಹೊಟ್ಟೆತುಂಬ ಉಂಡಿದೆ, ಮೈ ಮಾತ್ರ ಸೊರಗುತ್ತಿದೆ. ಯಜಮಾನನಿಗೆ ಅದು ಗೊತ್ತಾಗುವುದಿಲ್ಲ. ಕುದುರೆ ಬಲ್ಲ ಸ್ನೇಹಿತನೊಬ್ಬ ಅದರ ಮೈ ಮುಟ್ಟಿ, ಬೆವರನ್ನು ಗಮನಿಸಿ, ಮೇವಿನ ಕಡೆ ನೋಡು ಎಂದು ಎಚ್ಚರಿಸುತ್ತಾನೆ. ನೂರೈವತ್ತು ವರ್ಷದ ಹಿಂದೆ ಬರೆದ ಈ ಪ್ರಸಂಗಕ್ಕೆ ತಿಳಿದಿರುವ ಒಂದು ವಿಷಯ ಆಟಕ್ಕೆ ತಿಳಿಯದು. ಹಾಕಿದ್ದು ಬೇರೆ, ಹೊಟ್ಟೆಗೆ ಹೋದದ್ದು ಬೇರೆ. ನಡುವೆ ಎಷ್ಟೋ ಕೈಗಳಿವೆ. ರೇಷನ್ ಚೀಟಿಯ ಲೆಕ್ಕಕ್ಕೂ ಅಡುಗೆಮನೆಯ ಡಬ್ಬಿಗೂ ಇರುವ ಅಂತರವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ದೋಷ ತಿದ್ದುವ ರೀತಿಯದು. ಆಟದಲ್ಲಿ ಬಡಕಲಾದ ಕುದುರೆಗೆ ಮೇವು ಏರಿಸು, ದಪ್ಪಗಾದದ್ದಕ್ಕೆ ಇಳಿಸು. ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ನಿಜವಾದ ದೇಹದಲ್ಲಿ ತಪ್ಪಿದ ಹದ ಹೀಗೆ ಸರಕ್ಕನೆ ಮರಳುವುದಿಲ್ಲ. ಬಹಳ ದಿನ ಉಪವಾಸ ಬಿದ್ದು ಸೊರಗಿದ ಕುದುರೆಗೆ ಮರುಕದಿಂದ ಒಮ್ಮೆಲೇ ಧಾನ್ಯ ಸುರಿದರೆ ರಕ್ತದ ಲವಣಗಳ ಸಮತೋಲ ಕೆಟ್ಟು ಅದು ಸಾಯಲೂಬಹುದು. ಸ್ವಲ್ಪಸ್ವಲ್ಪ ಹುಲ್ಲಿನಿಂದ, ಮತ್ತೆಮತ್ತೆ, ವಾರಗಟ್ಟಲೆ ಕಾದು ಮೇಲೆ ತರಬೇಕು. ಕೊಬ್ಬಿದ ಪುಟ್ಟ ತಳಿಯ ಕುದುರೆಗೆ, ಕತ್ತೆಗೆ ಇದ್ದಕ್ಕಿದ್ದಂತೆ ಉಪವಾಸ ಹಾಕಿದರೂ ಅಷ್ಟೇ ಅಪಾಯ. ದೇಹದ ಕೊಬ್ಬೆಲ್ಲ ಕರಗಿ ರಕ್ತಕ್ಕೆ ನುಗ್ಗಿ ಯಕೃತ್ತಿಗೇ ಕುತ್ತಾಗುತ್ತದೆ. ದಪ್ಪವಾದರೂ ಸಣ್ಣವಾದರೂ ಹಿಂದಕ್ಕೆ ಬರುವ ದಾರಿ ನಿಧಾನದ್ದು.

ಇದನ್ನಿಷ್ಟು ಒತ್ತಿ ಹೇಳಲು ಕಾರಣವಿದೆ. ರಜೆಯ ಕೊನೆಯ ವಾರ ಹುಡುಗಿ ಬೆಳಗಿನ ದೋಸೆ ಬಿಡಲು ಶುರುಮಾಡಿದಳು. ಮೊದಲ ದಿನ ಹೊಟ್ಟೆನೋವೆಂದಳು, ಎರಡನೆಯ ದಿನ ಹಸಿವಿಲ್ಲವೆಂದಳು. ಮೂರನೆಯ ದಿನ ಕುದುರೆಗಳಿಗೆ ಮೇವು ಹಾಕುತ್ತ ಕುಳಿತವಳು ನನ್ನ ಕಡೆ ತಿರುಗದೆಯೇ, “ದೊಡ್ಡಮ್ಮಾ, ನನಗೂ ಹೀಗೇ ಒಂದು ನಂಬರ್ ಇದ್ದಿದ್ರೆ ಚೆನ್ನಾಗಿತ್ತು. ಇಷ್ಟೇ ತಿನ್ನು, ಇದಕ್ಕಿಂತ ಜಾಸ್ತಿ ಬೇಡ ಅಂತ” ಎಂದಳು. ಸಮಾಧಾನದಿಂದ ಕೇಳುತ್ತ ಹೋದಂತೆ ವಿಷಯ ಹೊರಬಂತು. ಅವಳ ಶಾಲೆಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಎತ್ತರ, ತೂಕ ನೋಡುತ್ತಾರೆ. ಈ ಸಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ತೂಕವನ್ನೂ ಗಟ್ಟಿಯಾಗಿ ಕೂಗಿ ಇನ್ನೊಬ್ಬರಿಂದ ಬರೆಸಿಕೊಂಡರಂತೆ. ಇವಳ ಅಂಕಿ ಕೇಳಿ ಹಿಂದಿನ ಸಾಲಿನಿಂದ ಯಾರೋ ನಕ್ಕರಂತೆ. ಮೈನೆರೆಯುವ ವಯಸ್ಸಿನಲ್ಲಿ ಹೆಣ್ಣುಮಕ್ಕಳ ತೂಕ ಏರುವುದು, ಸೊಂಟ ತುಂಬಿಕೊಳ್ಳುವುದು ಬೆಳವಣಿಗೆಯ ಲಕ್ಷಣವೇ ಹೊರತು ರೋಗವಲ್ಲ. ಆ ವಯಸ್ಸಿಗೆ ಅನ್ನ, ಕಾಳು, ಹಾಲು, ಸೊಪ್ಪು ಹೆಚ್ಚೇ ಬೇಕು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅಂಕಿಯನ್ನು ಮಾತ್ರ ಹೇಳಿದ್ದರು.

ಈ ದುಃಖವನ್ನು ಆಟದ ತಲೆಗೆ ಕಟ್ಟಲಾರೆ. ಅವಳನ್ನು ನಗೆಗೆ ಈಡುಮಾಡಿದ್ದು ಆಟವಲ್ಲ. ಅಲ್ಲಿ ಕಡೇಪಕ್ಷ ಅವಳ ಕೈಯಲ್ಲಿ ಅಧಿಕಾರವಿತ್ತು, ಅವಳ ಕುದುರೆಗಳನ್ನು ನೋಡಿ ಯಾರೂ ನಗುತ್ತಿರಲಿಲ್ಲ. ಬಹುಶಃ ಅದಕ್ಕೇ ಅವಳು ಅಲ್ಲಿಗೆ ಓಡುತ್ತಿದ್ದಳು. ಆದರೆ ನೊಂದ ಹುಡುಗಿಗೆ ಈ ಆಟ ಕೊಟ್ಟ ಉತ್ತರ ಯಾವುದು ಎಂದು ವಿಮರ್ಶೆ ಕೇಳಲೇಬೇಕು. ಅದು ಕೊಟ್ಟದ್ದು ಇನ್ನೊಂದು ಅಂಕಿ. ಸರಿಯಾದ ತೂಕ ಒಂದೇ ಇರುತ್ತದೆ, ಅದು ಹೊರಗಿನಿಂದ ಬರುತ್ತದೆ, ಅದಕ್ಕೆ ಸಮನಾಗುವವರೆಗೆ ತಿನ್ನುವುದನ್ನು ಏರಿಸಿ ಇಳಿಸಿದರೆ ಸಾಕು ಎಂಬ ಭಾವನೆ. ಕುದುರೆಯ ಮಟ್ಟಿಗೂ ಇದು ಅರ್ಧಸತ್ಯ. ತಾನೇ ಬೆಳೆಯುತ್ತಿರುವ ಹುಡುಗಿಯ ಮಟ್ಟಿಗೆ ಅರ್ಧವೂ ಅಲ್ಲ. ಆಟದ ಕುದುರೆ ತನ್ನ ತೂಕವನ್ನು ತಾನು ಓದಲಾರದು, ತನ್ನ ಬಗ್ಗೆ ನಾಚಲಾರದು. ಹುಡುಗಿ ಓದುತ್ತಾಳೆ, ನಾಚುತ್ತಾಳೆ, ದೋಸೆ ಬಿಡುತ್ತಾಳೆ.

ಶಾಲೆ ತೆರೆದ ಮೇಲೆ ತಂಗಿಯೂ ನಾನೂ ಮುಖ್ಯೋಪಾಧ್ಯಾಯಿನಿಯವರನ್ನು ಕಂಡೆವು. ತೂಕ ನೋಡಬೇಡಿ ಎಂದು ನಾವು ಹೇಳಲಿಲ್ಲ. ರಕ್ತಹೀನತೆ, ಕುಗ್ಗಿದ ಬೆಳವಣಿಗೆಗಳು ಮನೆಮನೆಯಲ್ಲಿರುವ ಊರಿನಲ್ಲಿ ಅದು ಬೇಕೇ ಬೇಕು. ಒಬ್ಬೊಬ್ಬರನ್ನೇ ಕೋಣೆಯೊಳಗೆ ಕರೆದು ನೋಡಿ, ಅಂಕಿಯನ್ನು ಕೂಗಬೇಡಿ, ಹೇಳುವುದಿದ್ದರೆ ತಾಯಿಗೆ ಹೇಳಿ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮನ್ನೂ ಹೀಗೇ ತೂಗಿದ್ದರು ನೋಡಿ, ಅದರಲ್ಲೇನು ಅಂತ ಯೋಚನೆ ಮಾಡಿರಲಿಲ್ಲ” ಎಂದು ಒಪ್ಪಿಕೊಂಡರು. ಮುಂದಿನ ವರ್ಷ ಹೇಗೆ ನಡೆಯುತ್ತದೋ ನೋಡಬೇಕು. ಹುಡುಗಿ ಈಗ ಬೆಳಿಗ್ಗೆ ಎರಡು ದೋಸೆ ತಿನ್ನುತ್ತಾಳೆಂದು ತಂಗಿ ಹೇಳುತ್ತಾಳೆ. ಕೆಲವು ದಿನ ಒಂದೇ. ನಿಧಾನದ ದಾರಿ ಎಂದೆನಲ್ಲ.

ಆಟದ ಬಗ್ಗೆ ಹೇಳಬೇಕಾದ ಇನ್ನೊಂದು ಮಾತು ಉಳಿದಿದೆ, ಹಣದ್ದು. ಆಟದೊಳಗೆ ಒಂದು ನಾಣ್ಯವಿದೆ, ದುಡಿದು ಗಳಿಸಬಹುದು. ಇನ್ನೊಂದು ಬಗೆಯ ಪಾಸುಗಳಿವೆ, ಅವನ್ನು ನಿಜವಾದ ದುಡ್ಡು ಕೊಟ್ಟೂ ಕೊಳ್ಳಬಹುದು. ದಿನವೂ ಬಂದು ಹಾಜರಿ ಹಾಕಿದವರು ಮುಂದೆ ಹೋಗುತ್ತಾರೆ, ಹಣ ಹಾಕಿದವರು ಇನ್ನಷ್ಟು ಬೇಗ ಹೋಗುತ್ತಾರೆ. “ಅವು ನನ್ನನ್ನೇ ನಂಬಿಕೊಂಡಿವೆ” ಎಂಬ ಹುಡುಗಿಯ ಮಾತು ಕಂಪನಿಯ ಮಟ್ಟಿಗೆ ಬಂಡವಾಳ. ಹಸಿದ ಜೀವವೊಂದು ಕಾಯುತ್ತಿದೆ ಎಂದರೆ ಹೆಣ್ಣುಮಕ್ಕಳು ಎದ್ದು ಬರುತ್ತಾರೆ ಎಂಬುದನ್ನು ಕುಟುಂಬಗಳು ಸಾವಿರಾರು ವರ್ಷದಿಂದ ಬಲ್ಲವು. ವ್ಯಾಪಾರಿಗಳು ಈಗ ತಿಳಿದುಕೊಂಡಿದ್ದಾರೆ, ಅಷ್ಟೆ. ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪಬೇಕು. ಅಲ್ಲಿ ಉಣಿಸಿದ್ದಕ್ಕೆ ಲೆಕ್ಕ ಇಡುತ್ತಾರೆ, ನಮ್ಮ ಅಡುಗೆಮನೆಗಳಲ್ಲಿ ಅದೂ ಇಲ್ಲ.

ಒಟ್ಟಿನಲ್ಲಿ ಹೌರ್ಸ್ ಆಟದ ಮೇವಿನ ಪುಟಕ್ಕೆ ನಾನು ಕೊಡುವ ತೀರ್ಪು ಇದು. ಅಳತೆಯ ಗೌರವವನ್ನು ಅದು ಎತ್ತಿಹಿಡಿಯುತ್ತದೆ. ಅಷ್ಟರಮಟ್ಟಿಗೆ ನಮ್ಮ ಎಷ್ಟೋ ಕಥೆ ಸಿನಿಮಾಗಳಿಗಿಂತ ಅದು ವಿವೇಕದ್ದು. ಅವುಗಳಲ್ಲಿ ತಾಯಿಯ ಪ್ರೀತಿಯನ್ನು ತೋರಿಸಲು ತಟ್ಟೆಗೆ ಅನ್ನ ಸುರಿಯುವುದೊಂದೇ ದಾರಿ. ಆದರೆ ಅಳತೆಯ ಜೊತೆಗೆ ಬೇಕಾದ ಹೊತ್ತು, ಜೊತೆ, ಮುಟ್ಟಿ ನೋಡುವ ಕೈ, ಇವನ್ನು ಅದು ಬಿಟ್ಟಿದೆ. ಬಿಟ್ಟದ್ದನ್ನು ತುಂಬಿಕೊಡಬೇಕಾದವರು ಮಕ್ಕಳ ಪಕ್ಕದಲ್ಲಿರುವ ನಾವು. ನಿಮ್ಮ ಮನೆಯಲ್ಲಿ ಇಂಥ ಆಟವಾಡುವ ಹುಡುಗಿಯಿದ್ದರೆ ಕಂಪ್ಯೂಟರು ಆರಿಸುವ ಮೊದಲು ಒಂದು ಸಂಜೆ ಅವಳ ಪಕ್ಕ ಕುಳಿತು ನೋಡಿ. ಯಾವ ಕುದುರೆಗೆ ಎಷ್ಟು ಹಾಕುತ್ತೀಯೆ, ಏಕೆ ಎಂದು ಕೇಳಿ. ಅವಳು ಖುಷಿಯಿಂದ ಹೇಳುತ್ತಾಳೆ. ಹೇಳಿ ಮುಗಿದ ಮೇಲೆ, “ನಿನಗೆ ಹಸಿವಾಗಿದೆಯೇ?” ಎಂದು ಕೇಳಿ, ಉತ್ತರ ಬರುವವರೆಗೆ ಅಲ್ಲೇ ಕುಳಿತಿರಿ.